ಬೆಟ್ಟದ ಬೆಲೆ, ಕೆರೆಯ ಲೆಕ್ಕ

ಕಾಡು, ಕೆರೆ, ಹಳ್ಳಗಳನ್ನು ಆಸ್ತಿಯೆಂದೇ ಎಣಿಸಿ, ಅವುಗಳ ಉಪಕಾರಕ್ಕೆ ರೂಪಾಯಿಯಲ್ಲಿ ಬೆಲೆ ಕಟ್ಟಿ, ಆ ಹಣದಿಂದಲೇ ಅವನ್ನು ಮತ್ತೆ ಚಿಗುರಿಸುವ ವಿಚಾರವಾಗಿ ಈ ಸಲ ಬಂದ ಪತ್ರಗಳೇ ಹೆಚ್ಚು. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮಗೆ 2 ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ 12 ಎಕರೆ ಸೊಪ್ಪಿನ ಬೆಟ್ಟ ಇದೆ. ಬೆಟ್ಟದ ಮರಗಳು ಹೀರುವ ಇಂಗಾಲಕ್ಕೆ ವರ್ಷವರ್ಷ ಹಣ ಕೊಡುತ್ತೇವೆ, 40 ವರ್ಷದ ಕರಾರಿಗೆ ಸಹಿ ಹಾಕಿ ಎಂದು ಏಜೆಂಟರೊಬ್ಬರು ಬರುತ್ತಿದ್ದಾರೆ. ಹಾಕಬಹುದೇ? (ಶಿರಸಿ ತಾಲ್ಲೂಕಿನ ಓದುಗರು)

ಈಗಲೇ ಬೇಡ. ಮೊದಲು ಪಹಣಿ ತೆಗೆದು ನೋಡಿ. ಸೊಪ್ಪಿನ ಬೆಟ್ಟದಲ್ಲಿ ತೋಟದವರಿಗೆ ಇರುವುದು ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ತರುವ ಸೌಲಭ್ಯ, ನೆಲ ಸರ್ಕಾರದ್ದು. ಭೂಕಂದಾಯ ಕಾಯ್ದೆ 1964ರ 79ನೇ ಕಲಂ ಉಳಿಸಿಕೊಟ್ಟಿರುವುದು ಈ ಸೌಲಭ್ಯವನ್ನೇ ಹೊರತು ಮಾಲಿಕತ್ವವನ್ನಲ್ಲ. ಸಾಗುವಳಿ ಜಮೀನಿಗೆ ಹೊಂದಿಕೊಂಡ ಸರ್ಕಾರಿ ನೆಲವಾದ ದಕ್ಷಿಣ ಕನ್ನಡದ ಕುಮ್ಕಿಯ ಸ್ಥಿತಿಯೂ ಇದೇ. ನಿಮ್ಮದಲ್ಲದ ಮರದ ಇಂಗಾಲವನ್ನು ನೀವೊಬ್ಬರೇ ಮಾರಲು ಬರುವುದಿಲ್ಲ. ಸಹಿ ಹಾಕಿದರೆ ನಾಳೆ ತಕರಾರು ಬಂದಾಗ ಸಿಕ್ಕಿಬೀಳುವುದು ನೀವು, ಏಜೆಂಟರಲ್ಲ. ಕರಾರಿನ ಮಾತೇನಿದ್ದರೂ ಮಾಲ್ಕಿ, ಅಂದರೆ ಸ್ವಂತ ಒಡೆತನದ, ಜಮೀನಿಗೆ ಮಾತ್ರ.

ಮಾಲ್ಕಿ ಜಮೀನಿನಲ್ಲೂ ಆಗಲೇ ನಿಂತಿರುವ ಮರಗಳಿಗೆ ಸಾಮಾನ್ಯವಾಗಿ ಕ್ರೆಡಿಟ್ (ಹೀರಿದ ಇಂಗಾಲದ ಡೈಆಕ್ಸೈಡಿಗೆ ಟನ್ ಲೆಕ್ಕದಲ್ಲಿ ಸಿಗುವ, ಮಾರಬಹುದಾದ ಪತ್ರ) ಸಿಗುವುದಿಲ್ಲ. ಯೋಜನೆ ಇಲ್ಲದಿದ್ದರೆ ಆಗುತ್ತಿರಲಿಲ್ಲ ಎಂದು ತೋರಿಸಬಹುದಾದ ಹೊಸ ಬೆಳವಣಿಗೆಗಷ್ಟೇ ಲೆಕ್ಕ. ಹಾಗೆಂದು ಹಳೆಯ ಕುರುಚಲು ಸವರಿ ಹೊಸ ಸಸಿ ನೆಡಲು ಹೋಗಬೇಡಿ. ಸಹಜ ಸಸ್ಯವರ್ಗ ಕಡಿದ ಜಾಗವನ್ನು ಹತ್ತು ವರ್ಷ ಕಳೆಯುವವರೆಗೆ ಕ್ರೆಡಿಟ್ ಕೊಡುವ ಮುಖ್ಯ ಮಾನಕಗಳು ಯೋಜನೆಯೊಳಗೆ ಸೇರಿಸುವುದಿಲ್ಲ. ಈ ತಪ್ಪು ಮಾಡಿ ಕಾಡನ್ನೂ ಕ್ರೆಡಿಟ್ಟನ್ನೂ ಒಟ್ಟಿಗೆ ಕಳೆದುಕೊಳ್ಳುವವರಿದ್ದಾರೆ.

ಒಂದು ಮರದ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆಯಿರಿ. 94 ಸೆಂ.ಮೀ. ಬಂದರೆ 3.14ರಿಂದ ಭಾಗಿಸಿ, ವ್ಯಾಸ 30 ಸೆಂ.ಮೀ. ಎತ್ತರ 15 ಮೀಟರ್, ಕಟ್ಟಿಗೆಯ ಸಾಂದ್ರತೆ 0.6 ಎಂದಿಟ್ಟುಕೊಂಡರೆ, ಉಷ್ಣವಲಯದ ಮರಗಳಿಗೆ ಬಳಸುವ ಸೂತ್ರದ ಪ್ರಕಾರ ನೆಲದ ಮೇಲಿನ ಒಣತೂಕ ಸುಮಾರು 440 ಕೆ.ಜಿ. ಅದರ ಶೇ. 47 ಇಂಗಾಲ, ಅಂದರೆ 206 ಕೆ.ಜಿ. ಅದನ್ನು 3.67ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್ ಸುಮಾರು 755 ಕೆ.ಜಿ. ಇಷ್ಟು ದಪ್ಪದ ಮರ ಇಡೀ ಆಯುಷ್ಯದಲ್ಲಿ ನೆಲದ ಮೇಲೆ ಕೂಡಿಟ್ಟದ್ದು ಮುಕ್ಕಾಲು ಟನ್. ಬೇರು ಸೇರಿಸಿದರೆ ಇನ್ನಷ್ಟು. ಏಜೆಂಟರು ಮರಕ್ಕೆ ವರ್ಷಕ್ಕೊಂದು ಟನ್ ಎಂದರೆ ನಂಬಬೇಡಿ.

ಇನ್ನು ಹಣ. ಉದಾಹರಣೆಗೆ, ಎಕರೆಗೆ ವರ್ಷಕ್ಕೆ 3 ಟನ್ ಇಂಗಾಲದ ಡೈಆಕ್ಸೈಡ್ ಕೂಡಿತು ಎನ್ನೋಣ. ಬೆಂಕಿ, ಗಾಳಿಗೆ ಮರ ಹೋದರೆ ತುಂಬಿಕೊಡಲು ಶೇ. 15 ತೆಗೆದಿಟ್ಟರೆ ಉಳಿದದ್ದು 2.55 ಟನ್. ಕಂಪನಿ ಅರ್ಧ ಇಟ್ಟುಕೊಂಡರೆ ನಿಮಗೆ 1.27 ಟನ್ನಿನ ದರ. ಸಸಿ ಎಳೆಯದಾಗಿದ್ದಾಗ ಇದೂ ಇಲ್ಲ. ಹೊರಗಿನ ಪರಿಶೀಲಕರ ಅಳತೆ ಮೂರೋ ಐದೋ ವರ್ಷಕ್ಕೊಮ್ಮೆ ನಡೆಯುವುದರಿಂದ ‘ವರ್ಷವರ್ಷ ಹಣ’ ಎಂಬ ಮಾತೂ ಸಂಶಯಾಸ್ಪದ.

ಕರಾರಿನ ಕನ್ನಡ ಪ್ರತಿ ಕೇಳಿ. ‘ನಿವ್ವಳ ಲಾಭದಲ್ಲಿ ಪಾಲು’ ಎಂದಿದ್ದರೆ ಒಪ್ಪಬೇಡಿ. ಖರ್ಚು ತೋರಿಸಿ ಲಾಭವನ್ನೇ ಕರಗಿಸಬಹುದು. ಮಾರಿದ ಬೆಲೆಯಲ್ಲಿ ಪಾಲು ಎಂದು ಬರೆಸಿ. ಸೊಪ್ಪು ಸವರಲು ನಿರ್ಬಂಧವಿದೆಯೇ, ಅಣ್ಣತಮ್ಮಂದಿರ ನಡುವೆ ಜಮೀನು ಹಿಸ್ಸೆಯಾದರೆ ಕರಾರು ಯಾರ ತಲೆಗೆ, ಬೆಂಕಿ ಬಿದ್ದರೆ ನಷ್ಟ ಯಾರದು, ಮಧ್ಯದಲ್ಲಿ ಬಿಟ್ಟರೆ ದಂಡವೆಷ್ಟು: ಈ ನಾಲ್ಕಕ್ಕೆ ಬರವಣಿಗೆಯಲ್ಲಿ ಉತ್ತರವಿಲ್ಲದ ಕಾಗದಕ್ಕೆ ಸಹಿ ಹಾಕಬಾರದು.

ಪ್ರಶ್ನೆ: ಯೋಜನೆಗೆ ಕಾಡು ಕಡಿದರೆ ಹೆಕ್ಟೇರಿಗೆ ಇಷ್ಟು ಲಕ್ಷ ಎಂದು ಕಟ್ಟಿಸಿಕೊಳ್ಳುತ್ತಾರಲ್ಲ, ಅದು ಯಾವ ಲೆಕ್ಕ? ಹಣ ಎಲ್ಲಿಗೆ ಹೋಗುತ್ತದೆ? (ತೀರ್ಥಹಳ್ಳಿಯ ಓದುಗರು)

ಅದು ನಿವ್ವಳ ಪ್ರಸ್ತುತ ಮೌಲ್ಯ. ಕಾಡು ಮುಂದೆ ಕೊಡಬಹುದಾಗಿದ್ದ ಕಟ್ಟಿಗೆ, ಕಿರು ಉತ್ಪನ್ನ, ನೀರು, ಇಂಗಾಲ ಇತ್ಯಾದಿಗಳನ್ನು ಇವತ್ತಿನ ರೂಪಾಯಿಗೆ ಇಳಿಸಿ ಕೂಡಿದ ಮೊತ್ತ. ಕಾಡಿನ ರಕ್ಷಣೆ ಕುರಿತ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಹೆಕ್ಟೇರಿಗೆ 5.80ರಿಂದ 9.20 ಲಕ್ಷ ರೂಪಾಯಿ ಕಟ್ಟಿಸಿಕೊಳ್ಳಲು ಹೇಳಿತು. ಕಾಂಚನ್ ಚೋಪ್ರಾ ನೇತೃತ್ವದ ತಜ್ಞರ ಸಮಿತಿಯ ವರದಿಯ ನಂತರ 2008ರಲ್ಲಿ ಕಾಡಿನ ಬಗೆ, ದಟ್ಟಣೆಗೆ ತಕ್ಕಂತೆ ದರ 4.38ರಿಂದ 10.43 ಲಕ್ಷವಾಯಿತು. ಅಭಯಾರಣ್ಯಕ್ಕೆ ಐದು ಪಟ್ಟು, ರಾಷ್ಟ್ರೀಯ ಉದ್ಯಾನಕ್ಕೆ ಹತ್ತು ಪಟ್ಟು. ಆ ದರ ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಉಳಿದು, 2022ರಲ್ಲಿ ಸುಮಾರು ಒಂದೂವರೆ ಪಟ್ಟಾಯಿತು. ಅಷ್ಟು ವರ್ಷ ಬೆಲೆಯೇರಿಕೆಯ ನಡುವೆ ಕಾಡು ಮಾತ್ರ ವರ್ಷವರ್ಷ ಅಗ್ಗವಾಗುತ್ತಾ ಹೋಯಿತು ಎಂಬುದು ನೋವಿನ ಸಂಗತಿ.

ಲೆಕ್ಕದೊಳಗಿನ ಸೂಕ್ಷ್ಮ ಇರುವುದು ಬಡ್ಡಿಯಂತಹ ಒಂದು ದರದಲ್ಲಿ. 30 ವರ್ಷದ ಆಚೆ ಕಾಡು ಕೊಡುವ 100 ರೂಪಾಯಿಯ ಉಪಕಾರ, ಶೇ. 8ರಂತೆ ಇಳಿಸಿದರೆ ಇವತ್ತಿಗೆ ಬರೀ 10 ರೂಪಾಯಿ, ಶೇ. 3ರಂತೆ ಇಳಿಸಿದರೆ 41. ದರ ಆರಿಸುವವರೇ ಮೊಮ್ಮಕ್ಕಳ ಪಾಲನ್ನು ತೀರ್ಮಾನಿಸಿದಂತೆ. ಯಾವುದೇ ಮೌಲ್ಯಮಾಪನ ವರದಿ ಕೈಗೆ ಬಂದರೆ ಈ ದರವನ್ನು ಮೊದಲು ಹುಡುಕಿ.

ಹಣ ಹೋಗುವುದು ಪರಿಹಾರಾತ್ಮಕ ಅರಣ್ಯೀಕರಣ ನಿಧಿಗೆ, ಜನ ‘ಕ್ಯಾಂಪಾ’ ಎನ್ನುವುದಕ್ಕೆ. 2016ರ ಕಾಯ್ದೆಯಂತೆ ಶೇ. 90 ರಾಜ್ಯಕ್ಕೆ, ಶೇ. 10 ರಾಷ್ಟ್ರೀಯ ನಿಧಿಗೆ. 2019ರ ಆಗಸ್ಟ್‌ನಲ್ಲಿ ಕೇಂದ್ರ ಒಮ್ಮೆಲೇ 47,000 ಕೋಟಿಗೂ ಹೆಚ್ಚು ಹಣವನ್ನು 27 ರಾಜ್ಯಗಳಿಗೆ ವರ್ಗಾಯಿಸಿತು. ಜೇನು, ಉಪ್ಪಾಗೆ (ಕಾಡಿನ ಹುಳಿಹಣ್ಣು), ಒರತೆ ಕಳೆದುಕೊಂಡ ಕೇರಿಗೆ ಇದರಲ್ಲಿ ನೇರ ಪಾಲಿಲ್ಲ. ಈ ವ್ಯವಸ್ಥೆಯ ದೊಡ್ಡ ಕೊರತೆ ಅದೇ. ಆದರೆ 2018ರ ನಿಯಮಗಳ ಪ್ರಕಾರ ಕೆಲಸದ ಯೋಜನೆಯನ್ನು ಗ್ರಾಮಸಭೆ ಅಥವಾ ಗ್ರಾಮ ಅರಣ್ಯ ಸಮಿತಿಯೊಂದಿಗೆ ಸಮಾಲೋಚಿಸಿ ಮಾಡಬೇಕು. ಮಾಹಿತಿ ಹಕ್ಕಿನಡಿ ನಿಮ್ಮ ವಲಯದ ವಾರ್ಷಿಕ ಕಾರ್ಯಯೋಜನೆ, ನೆಟ್ಟ ಜಾಗದ ಜಿಪಿಎಸ್ ಗುರುತು, ಜಾತಿವಾರು ಸಸಿ ಸಂಖ್ಯೆ, ಮೂರನೇ ವರ್ಷದಲ್ಲಿ ಬದುಕುಳಿದ ಪ್ರಮಾಣ ಕೇಳಿ. ನೆಟ್ಟ ಲೆಕ್ಕ ಎಲ್ಲರೂ ಕೊಡುತ್ತಾರೆ, ಬದುಕಿದ ಲೆಕ್ಕ ಕೇಳಬೇಕು.

ಪ್ರಶ್ನೆ: ನಮ್ಮೂರ ಕೆರೆಗೆ ರೂಪಾಯಿಯಲ್ಲಿ ಬೆಲೆ ಕಟ್ಟುವುದು ಹೇಗೆ? ಹೂಳೆತ್ತಲು ಹಣ ಕೇಳುವಾಗ ಪಂಚಾಯಿತಿಯ ಮುಂದಿಡಬೇಕು. (ಶಿರಾ ತಾಲ್ಲೂಕಿನ ಓದುಗರು)

ಹತ್ತು ಎಕರೆ ಕೆರೆ ಎಂದು ಹಿಡಿಯೋಣ. ಸುಮಾರು 40,000 ಚದರ ಮೀಟರ್. ಸರಾಸರಿ ಆಳ ಒಂದೂವರೆ ಮೀಟರ್ ಆದರೆ 60,000 ಘನ ಮೀಟರ್, ಅಂದರೆ ಆರು ಕೋಟಿ ಲೀಟರ್. ಮೊದಲ ಎಡವು ಇಲ್ಲೇ: ತೂಬಿನ ಬಳಿಯ ಆಳವನ್ನೇ ಸರಾಸರಿ ಎಂದು ಬರೆಯುವುದು. ಕೆರೆ ತಟ್ಟೆಯಂತಿರುತ್ತದೆ. ಅಡ್ಡಲಾಗಿ ಹಗ್ಗ ಎಳೆದು ಇಪ್ಪತ್ತು ಅಡಿಗೊಮ್ಮೆ ಕೋಲಿಳಿಸಿ ಆಳ ಬರೆದುಕೊಳ್ಳಿ.

ಬಯಲುಸೀಮೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ 150 ದಿನಕ್ಕೆ ಮುಕ್ಕಾಲು ಮೀಟರ್, ಅಂದರೆ ಅರ್ಧ ಕೆರೆ. ಉಳಿದ 30,000 ಘನ ಮೀಟರನ್ನು 5,000 ಲೀಟರಿನ ಟ್ಯಾಂಕರಿಗೆ ಭಾಗಿಸಿದರೆ 6,000 ಲೋಡು. ಲೋಡಿಗೆ 600 ರೂಪಾಯಿ ಹಿಡಿದರೆ 36 ಲಕ್ಷ. ಆದರೆ ಈ ಅಂಕಿಯನ್ನು ಪಂಚಾಯಿತಿಗೆ ಕೊಡಬೇಡಿ. ಕೆರೆ ಇಲ್ಲದಿದ್ದರೆ ಊರವರು 6,000 ಲೋಡು ಕೊಳ್ಳುತ್ತಿರಲಿಲ್ಲ. ಕೊಳ್ಳದ ವಸ್ತುವಿನ ಬೆಲೆಯನ್ನು ಉಳಿತಾಯ ಎನ್ನಲಾಗದು.

ನಿಜವಾದ ಉಳಿತಾಯ ಹೀಗೆ ತೆಗೆಯಿರಿ. 300 ಮನೆ, ಮನೆಗೆ ಐದು ಜನ, ತಲೆಗೆ ದಿನಕ್ಕೆ 55 ಲೀಟರ್: ದಿನಕ್ಕೆ 82,500 ಲೀಟರ್, ಹದಿನಾರೂವರೆ ಲೋಡು. ಕೆರೆಯಿಂದಾಗಿ ಬೇಸಿಗೆಯಲ್ಲಿ 90 ದಿನ ಕೊಳವೆಬಾವಿ ಬತ್ತದೆ ಉಳಿದರೆ 1,485 ಲೋಡು, ಸುಮಾರು 8.9 ಲಕ್ಷ ರೂಪಾಯಿ. ಇದಕ್ಕೆ ಮೀನು ಹರಾಜಿನ ಹಣ, ಅಚ್ಚುಕಟ್ಟಿನ ಬೆಳೆಯಲ್ಲಿ ನೀರಿನಿಂದಾದ ಹೆಚ್ಚುವರಿ ಆದಾಯ ಸೇರಿಸಿ. ಒಂದೇ ನೀರನ್ನು ತೂಬಿನಲ್ಲೊಮ್ಮೆ, ಕೊಳವೆಬಾವಿಯಲ್ಲೊಮ್ಮೆ ಎಣಿಸಬೇಡಿ. ವರದಿಗಳು ಬಿದ್ದುಹೋಗುವುದು ಇಂಥ ಎರಡೆಣಿಕೆಯಿಂದಲೇ.

ಎದುರಿಗೆ ಖರ್ಚು ಬರೆಯಿರಿ: ರಾಜಕಾಲುವೆ ಬಿಡಿಸುವುದು, ತೂಬು ಮತ್ತು ಕೋಡಿ ದುರಸ್ತಿ, ಹೂಳು. ಹೂಳನ್ನು ಕೊನೆಗೆ ಇಡಿ. ಕಾಲುವೆ ಮುಚ್ಚಿಹೋಗಿದ್ದರೆ ಎಷ್ಟು ಆಳ ತೋಡಿದರೂ ನೀರು ಬರದು. ತೋಡುವಾಗ ಏರಿಯ ಬುಡವನ್ನು ದೂರವೇ ಬಿಡಿ, ಇಲ್ಲವಾದರೆ ಏರಿ ಜಾರುತ್ತದೆ.

ಪ್ರಶ್ನೆ: ಕಾವೇರಿ ನೀರು ಕುಡಿಯುವ ನಗರದವರು, ನೆರಳಿನ ಮರ ಉಳಿಸಿಕೊಂಡ ಕೊಡಗಿನ ಕಾಫಿ ಬೆಳೆಗಾರರಿಗೆ ಹಣ ಕೊಡಬೇಕಲ್ಲವೇ? ಬೇರೆಡೆ ಇಂಥದ್ದು ನಡೆದಿದೆಯೇ? (ಸೋಮವಾರಪೇಟೆಯ ಓದುಗರು)

ನಿಮ್ಮ ಮಾತು ನ್ಯಾಯವಾದದ್ದು, ನಡೆದೂ ಇದೆ. ನ್ಯೂಯಾರ್ಕ್ ನಗರ 1997ರಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡು, ಶತಕೋಟಿ ಡಾಲರ್ ಲೆಕ್ಕದಲ್ಲಿ ಅಲ್ಲಿನ ಕಾಡು, ಕೊಟ್ಟಿಗೆ, ಚರಂಡಿಗಳಿಗೆ ಖರ್ಚು ಮಾಡಿತು. ನೀರು ಸೋಸುವ ಹೊಸ ಸ್ಥಾವರ ಅದರ ಹಲವು ಪಟ್ಟು ದುಬಾರಿಯಾಗುತ್ತಿತ್ತು. ಕೋಸ್ಟರಿಕಾ 1996ರ ಅರಣ್ಯ ಕಾನೂನಿನಿಂದ ಇಂಧನ ತೆರಿಗೆಯ ಒಂದು ಪಾಲನ್ನು ಕಾಡು ಉಳಿಸಿಕೊಂಡ ಜಮೀನುದಾರರಿಗೆ ಕೊಡುತ್ತಾ ಬಂದಿದೆ. ಅದೇ ಕಾನೂನು ಕಾಡನ್ನು ಬೇರೆ ಬಳಕೆಗೆ ತಿರುಗಿಸುವುದನ್ನು ನಿಷೇಧಿಸಿತು. ಹಣ ಮಾತ್ರ ಕೆಲಸ ಮಾಡಿತು ಎಂದು ಓದಿಕೊಳ್ಳಬಾರದು. ನಮ್ಮ ದೇಶದಲ್ಲೇ ಹಿಮಾಚಲದ ಪಾಲಂಪುರ ಪುರಸಭೆ, ತನಗೆ ನೀರುಣಿಸುವ ಬೋಹಲ್ ಒರತೆಯ ಮೇಲಿನ ಕಾಡು ಕಾಯುವ ಗ್ರಾಮ ಸಂಘಕ್ಕೆ ವರ್ಷಕ್ಕೆ 10,000 ರೂಪಾಯಿ ಕೊಡಲು 2010ರಲ್ಲಿ ಒಪ್ಪಿತು. ಮೊತ್ತ ಸಣ್ಣದು, ಆದರೆ ಕೊಡುವವರು, ಪಡೆಯುವವರು, ಮಾಡಬೇಕಾದ ಕೆಲಸ ಮೂರೂ ಸ್ಪಷ್ಟ.

ಕೊಡಗು ಮತ್ತು ಬೆಂಗಳೂರಿನ ನಡುವೆ ಆ ಸ್ಪಷ್ಟತೆ ಸಿಗುವುದು ಕಷ್ಟ. ನಡುವೆ ಜಲಾಶಯ, ನಾಲೆ, ಎಷ್ಟೋ ತಾಲ್ಲೂಕು. ನಿಮ್ಮ ತೋಟದ ಮತ್ತಿ ಮರ ಅಲ್ಲಿನ ನಲ್ಲಿಗೆ ಎಷ್ಟು ಹನಿ ಕೊಟ್ಟಿತೆಂದು ತೋರಿಸಲಾಗದು. ಒಂದೇ ಹಳ್ಳದಿಂದ ನೀರೆತ್ತುವ ಸಣ್ಣ ಪಟ್ಟಣದಿಂದ ಶುರುಮಾಡಿ.

ಅದಕ್ಕೆ ಮೊದಲು ಎರಡು ವರ್ಷ ಹಳ್ಳ ಅಳೆಯಿರಿ. ತಗಡಿನ ಹಲಗೆಯಲ್ಲಿ 90 ಡಿಗ್ರಿಯ ‘ವಿ’ ಕಚ್ಚು ಕೊಯ್ದು ಹಳ್ಳಕ್ಕೆ ಅಡ್ಡಲಾಗಿ ನಿಲ್ಲಿಸಿ. ಕಚ್ಚಿನ ತುದಿಯಿಂದ ನೀರಿನ ಎತ್ತರ 10 ಸೆಂ.ಮೀ. ಇದ್ದರೆ ಹರಿವು ಸೆಕೆಂಡಿಗೆ ಸುಮಾರು 4.4 ಲೀಟರ್, 5 ಸೆಂ.ಮೀ. ಆದರೆ 0.8 ಲೀಟರಿಗೂ ಕಡಿಮೆ. ಎತ್ತರ ಅರ್ಧಕ್ಕಿಳಿದರೆ ನೀರು ಐದನೇ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ, ಹಾಗಾಗಿ ಅರ್ಧ ಸೆಂ.ಮೀ. ತಪ್ಪಿದರೂ ಲೆಕ್ಕ ಕೆಡುತ್ತದೆ. ಅಳತೆಕೋಲನ್ನು ಕಚ್ಚಿನಲ್ಲೇ ನೆಡಬೇಡಿ, ಅಲ್ಲಿ ನೀರು ಬಾಗಿ ಇಳಿದಿರುತ್ತದೆ. ಎರಡು ಮಾರು ಮೇಲಕ್ಕೆ ನೆಡಿ. ಹಲಗೆಯ ಕೆಳಗೆ ಸೋರಿಕೆ, ಕಚ್ಚಿಗೆ ಸಿಕ್ಕ ಎಲೆ, ಹಿಂದೆ ತುಂಬಿದ ಮರಳು ಇವೇ ಸಾಮಾನ್ಯ ತಪ್ಪುಗಳು. ಫೆಬ್ರುವರಿಯಿಂದ ಮೇ ತನಕ ವಾರಕ್ಕೊಮ್ಮೆ ಬರೆದಿಟ್ಟ ಪುಸ್ತಕವಿದ್ದರೆ ಪುರಸಭೆಯ ಮುಂದೆ ಮಾತಿಗೆ ತೂಕ ಬರುತ್ತದೆ.

ಪ್ರಶ್ನೆ: ದೇವರಕಾಡಿಗೂ ಬೆಲೆ ಕಟ್ಟಬೇಕೇ? (ವಿರಾಜಪೇಟೆಯ ಓದುಗರು)

ಬೇಡ. ರೂಪಾಯಿ ಲೆಕ್ಕ ಬೇಕಾಗುವುದು ಎದುರು ತಕ್ಕಡಿಯಲ್ಲಿ ಆಗಲೇ ರೂಪಾಯಿ ಕೂತಿರುವಾಗ: ರಸ್ತೆ, ಗಣಿ, ಅಣೆಕಟ್ಟು ಬಂದಾಗ. ಮುಟ್ಟಬಾರದು ಎಂಬ ಕಟ್ಟು ಇನ್ನೂ ಗಟ್ಟಿಯಾಗಿರುವಲ್ಲಿ ಬೆಲೆ ಹೇಳಿದರೆ ‘ಅಷ್ಟು ಕೊಟ್ಟರೆ ಆಯಿತಲ್ಲ’ ಎಂಬ ಬಾಗಿಲು ತೆರೆಯುತ್ತದೆ. ರಾಂಪತ್ರೆ ಜಡ್ಡಿಯಂತಹ (ರಾಂಪತ್ರೆ ಮರಗಳು ಬೆಳೆಯುವ ಕಾಡಿನ ಜೌಗು) ಜಾಗಗಳಿಗೂ ಇದೇ ಮಾತು. ಒಮ್ಮೆ ಬಸಿದುಹೋದ ಜಡ್ಡಿಯನ್ನು ಯಾವ ಮೊತ್ತವೂ ಮರಳಿ ತರುವುದಿಲ್ಲ.

ಪ್ರಶ್ನೆ: ನಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಹೆಸರಿಗಿದೆ. ಉಪ್ಪಾಗೆ ವ್ಯಾಪಾರದಿಂದ ಕಾಡಿಗೆ ಹಣ ತರಬಹುದೇ? (ಸಿದ್ದಾಪುರದ ಓದುಗರು)

ತರಬಹುದು. ಜೀವವೈವಿಧ್ಯ ಕಾಯ್ದೆ 2002ರ 41ನೇ ಕಲಂ, ವಾಣಿಜ್ಯಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ವಸೂಲಿ ಮಾಡುವ ಅಧಿಕಾರವನ್ನು ಸಮಿತಿಗೆ ಕೊಟ್ಟಿದೆ. ಹಣ ಸ್ಥಳೀಯ ಜೀವವೈವಿಧ್ಯ ನಿಧಿಗೆ ಸೇರಬೇಕು. ಇದಲ್ಲದೆ ಲಾಭ ಹಂಚಿಕೆ ಎಂಬುದಿದೆ. 2014ರ ನಿಯಮಾವಳಿಯಲ್ಲಿ ಸಂಗ್ರಹಿಸುವವರಿಂದ ನೇರ ಕೊಳ್ಳುವ ವ್ಯಾಪಾರಿ ಖರೀದಿ ಬೆಲೆಯ ಶೇ. 1ರಿಂದ 3, ತಯಾರಕ ಶೇ. 3ರಿಂದ 5 ಕೊಡಬೇಕೆಂದಿತ್ತು. ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ ವಿನಾಯಿತಿಗಳು ಸೇರಿವೆ. ಹಾಗಾಗಿ ಈಗಿನ ದರವನ್ನು ರಾಜ್ಯ ಜೀವವೈವಿಧ್ಯ ಮಂಡಳಿಯಿಂದ ಬರವಣಿಗೆಯಲ್ಲಿ ಪಡೆದೇ ಠರಾವು ಮಾಡಿ.

ಬ್ಯಾಂಕ್ ಖಾತೆ ಮತ್ತು ಜನತಾ ಜೀವವೈವಿಧ್ಯ ದಾಖಲಾತಿ (ಊರಿನ ಗಿಡಮರ, ಪ್ರಾಣಿಗಳ ವಿವರ ಬರೆದಿಟ್ಟ ಪುಸ್ತಕ) ಇಲ್ಲದ ಸಮಿತಿಗೆ ಹಣ ಬರುವುದು ಕಷ್ಟ; ಮೊದಲ ಸಭೆಯಲ್ಲೇ ಇವೆರಡರ ಕೆಲಸ ಶುರುಮಾಡಿ. ಯಾವ ಮನೆಯವರು, ಯಾವ ಬೆಟ್ಟದಿಂದ, ಯಾವ ದಿನ, ಎಷ್ಟು ಕೆ.ಜಿ., ಯಾವ ದರಕ್ಕೆ ಮಾರಿದರೆಂಬ ಸಾದಾ ಪುಸ್ತಕ ಇಡಿ. ವ್ಯಾಪಾರಿ ಅಂಕಿ ಮುಚ್ಚಿಟ್ಟಾಗ ನಿಮ್ಮ ಕೈಯಲ್ಲಿರುವುದು ಅದೊಂದೇ.

ಬಂದ ಹಣ ಎಲ್ಲಿ ಹಾಕಬೇಕೆಂದರೆ, ಒಣಗಿಸುವಲ್ಲಿ. ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ, ಆಗ ಒಲೆಯ ಮೇಲಿನ ಅಟ್ಟಕ್ಕೆ ಸುಡುವ ಕಟ್ಟಿಗೆ ಬರುವುದು ಅದೇ ಕಾಡಿನಿಂದ. ಊರಿಗೊಂದು ಒಳ್ಳೆಯ ಒಣಗಿಸುವ ಗೂಡು ಕಟ್ಟಿದರೆ ಆ ಹೊರೆ ಇಳಿಯುತ್ತದೆ. ಇನ್ನೊಂದು, ಪೈಪೋಟಿಗೆ ಬಿದ್ದು ಎಳೆಗಾಯಿ ಕೊಯ್ಯುವುದು, ಟೊಂಗೆ ಕಡಿಯುವುದು. ಬಲಿಯದ ಬೀಜ ಮೊಳೆಯುವುದಿಲ್ಲ, ಕಡಿದ ಟೊಂಗೆ ಮರುವರ್ಷ ಕಾಯಿ ಬಿಡುವುದಿಲ್ಲ. ಕೊಯ್ಲು ಶುರುವಾಗುವ ದಿನವನ್ನು ಗ್ರಾಮಸಭೆಯಲ್ಲೇ ಗೊತ್ತುಮಾಡಿ, ಬಿದ್ದ ಹಣ್ಣಿಗೆ ಹೆಚ್ಚು ದರ ಇಟ್ಟು, ಸಿಪ್ಪೆ ಬಿಡಿಸಿದ ಬೀಜದಲ್ಲಿ ಒಂದು ಪಾಲನ್ನು ಬೆಟ್ಟಕ್ಕೆ ವಾಪಸ್ ಬಿತ್ತಲು ಕೊಡಬೇಕೆಂದು ಖರೀದಿ ಚೀಟಿಯಲ್ಲೇ ಷರತ್ತು ಬರೆಸಿ.