ಕೊಡಗಿನ ಏರಿಗೆ ಹಗುರ ಸೈಕಲ್: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: 40 ಸಾವಿರ ರೂಪಾಯಿಯೊಳಗೆ ಬಿಡಿಭಾಗ ಕೊಂಡು 9 ಕೆ.ಜಿ. ತೂಕದ ರೋಡ್ ಬೈಕ್ ಜೋಡಿಸಬೇಕೆಂದಿದ್ದೇನೆ. ಆನ್‌ಲೈನ್‌ನಲ್ಲಿ ಹೆಸರಿಲ್ಲದ ಕಾರ್ಬನ್ ಫ್ರೇಮ್ ಅಗ್ಗಕ್ಕೆ ಸಿಗುತ್ತಿದೆ. ಅದರಿಂದಲೇ ಶುರು ಮಾಡಬಹುದೇ? — ಓದುಗರು, ಮಡಿಕೇರಿ

ಬೇಡ. ಆ ಫ್ರೇಮ್ ಕೊಂಡ ದಿನವೇ ಅರ್ಧ ದುಡ್ಡು ಖಾಲಿಯಾಗುತ್ತದೆ, ಉಳಿದದ್ದರಲ್ಲಿ ಕಬ್ಬಿಣದಂಥ ಚಕ್ರ ಹಾಕಿಕೊಳ್ಳಬೇಕಾಗುತ್ತದೆ. ಒಳಗೆ ಪದರ ಎಷ್ಟಿದೆ, ಹೇಗೆ ಕೂರಿಸಿದ್ದಾರೆ ಎಂದು ಹೊರಗಿನಿಂದ ನೋಡಿ ಹೇಳಲು ಯಾರಿಂದಲೂ ಆಗದು. ಘಾಟಿ ಇಳಿಯುವಾಗ ಅದನ್ನು ಪರೀಕ್ಷಿಸುವ ಹುಚ್ಚು ಯಾಕೆ?

ಬಿಡಿಭಾಗ ಒಂದೊಂದಾಗಿ ಹೊಸದು ಕೊಂಡರೆ, ಅದೇ ಭಾಗಗಳಿರುವ ಇಡೀ ಸೈಕಲ್ಲಿಗಿಂತ ಹೆಚ್ಚು ಬೀಳುತ್ತದೆ. ಕಂಪನಿಗೆ ಸಗಟು ದರ, ನಮಗೆ ಚಿಲ್ಲರೆ ದರ. ಆದ್ದರಿಂದ ಸುಮಾರು 25 ಸಾವಿರಕ್ಕೆ ಒಂದು ಸೆಕೆಂಡ್‌ಹ್ಯಾಂಡ್ ಅಲ್ಯೂಮಿನಿಯಂ ರೋಡ್ ಬೈಕ್ ಹುಡುಕಿ, ಉಳಿದ 15 ಸಾವಿರವನ್ನು ಬದಲಾವಣೆಗೆ ಇಟ್ಟುಕೊಳ್ಳಿ. ಕೊಳ್ಳುವ ಮುಂಚೆ ನಾಲ್ಕು ಕಡೆ ಬೆರಳಾಡಿಸಿ ನೋಡಿ: ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನ ಬೆಸುಗೆ, ಪೆಡಲ್ ತಿರುಗುವ ಬಾಟಮ್ ಬ್ರಾಕೆಟ್ ಸುತ್ತ, ಹಿಂದಿನ ಚಕ್ರ ಕೂರುವ ಡ್ರಾಪ್‌ಔಟ್, ಸೀಟ್ ಪೋಸ್ಟ್ ಒಳಹೋಗುವ ಜಾಗ. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಬಿಟ್ಟು ಬನ್ನಿ. ರಿಮ್‌ನಲ್ಲಿ ಬ್ರೇಕ್ ರಬ್ಬರ್ ಉಜ್ಜುವ ಪಟ್ಟಿ ಒಳಕ್ಕೆ ತಗ್ಗಾಗಿದ್ದರೆ ಆ ಚಕ್ರದ ಆಯುಷ್ಯ ಮುಗಿದಿದೆ ಎಂದೇ ಬೆಲೆ ಕಟ್ಟಿ. ಚೈನಿಗೆ ಸ್ಕೇಲ್ ಹಿಡಿಯಿರಿ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಅದರ ಮುಂದಿನ 24ನೇ ಪಿನ್ನಿಗೆ ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಬಂದರೆ ಹಿಂದಿನ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹೋಗಿದೆ.

ಇನ್ನು ತೂಕ. ಗ್ರಾಂ ಲೆಕ್ಕ ಹಾಕದೆ ‘ಹಗುರ’ ಎನ್ನುವುದಕ್ಕೆ ಅರ್ಥವಿಲ್ಲ. ಕರಿಮೆಣಸು ತೂಗಲು ಇಟ್ಟ ಡಿಜಿಟಲ್ ತಕ್ಕಡಿ ಮನೆಯಲ್ಲಿದ್ದರೆ ಸಾಕು. ಕಡಿಮೆ ಬೆಲೆಯಲ್ಲಿ ಸಾಧ್ಯವಾಗುವ ಒಂದು ಹದವಾದ ಜೋಡಣೆ ಹೀಗಿರುತ್ತದೆ: ಅಲ್ಯೂಮಿನಿಯಂ ಫ್ರೇಮ್ 1,600 ಗ್ರಾಂ, ಕಾರ್ಬನ್ ಕಾಲಿನ ಫೋರ್ಕ್ 550, ಸ್ಕ್ಯೂವರ್ (ಚಕ್ರ ಬಿಗಿಯುವ ಕಡ್ಡಿ) ಸಮೇತ ಚಕ್ರ 1,870, ಟಯರ್-ಟ್ಯೂಬ್-ರಿಮ್ ಟೇಪ್ 730, ಶಿಫ್ಟರ್ (ಗೇರ್ ಬದಲಿಸುವ ಲಿವರ್)-ಕ್ರ್ಯಾಂಕ್ (ಪೆಡಲ್ ತೋಳು)-ಚೈನ್ ಸೇರಿ ಗೇರಿನ ಇಡೀ ಸೆಟ್ 2,520, ಬ್ರೇಕ್ 360, ಕೇಬಲ್ 200, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) 110, ಹ್ಯಾಂಡಲ್-ಸ್ಟೆಮ್-ಟೇಪ್ 500, ಸೀಟು ಮತ್ತು ಪೋಸ್ಟ್ 560, ಪೆಡಲ್ 330. ಒಟ್ಟು 9,330 ಗ್ರಾಂ. ಪೆಡಲ್ ಬಿಟ್ಟು ತೂಗಿದರೆ ನಿಮ್ಮ 9 ಕೆ.ಜಿ. ಬಂದೇ ಬಿಡುತ್ತದೆ. ಕಂಪನಿಗಳು ಕ್ಯಾಟಲಾಗ್‌ನಲ್ಲಿ ಮಾಡುವುದೂ ಇದನ್ನೇ.

ಸೆಕೆಂಡ್‌ಹ್ಯಾಂಡ್ ಸೈಕಲ್ 10.8 ಕೆ.ಜಿ. ಇದೆ ಎಂದುಕೊಳ್ಳಿ. ಮೊದಲು ಟಯರ್: ತಂತಿ ಅಂಚಿನ, ತಲಾ 350 ಗ್ರಾಂನ ಜೋಡಿ ತೆಗೆದು ಮಡಚುವ ಅಂಚಿನ, ತಲಾ 250 ಗ್ರಾಂನದು ಹಾಕಿದರೆ 200 ಗ್ರಾಂ ಇಳಿಯಿತು. ಟ್ಯೂಬ್ ತಲಾ 110ರಿಂದ 75ಕ್ಕೆ ಇಳಿಸಿದರೆ ಎರಡೂ ಸೇರಿ 70. ಸೀಟಿನಲ್ಲಿ 130. ಚಕ್ರಕ್ಕೆ ದೊಡ್ಡ ಖರ್ಚು, ಆದರೆ 450 ಗ್ರಾಂ ಅಲ್ಲೇ ಕುಳಿತಿದೆ. ಉಕ್ಕಿನ ಫೋರ್ಕ್ ಇದ್ದರೆ ಅದರಲ್ಲಿ 400. ಇಷ್ಟಕ್ಕೆ 9.55 ಕೆ.ಜಿ.ಗೆ ಬಂದಿರಿ. ಇದಕ್ಕಿಂತ ಕೆಳಗೆ ಒಂದೊಂದು ಗ್ರಾಮಿಗೂ ದುಬಾರಿ ದರ.

ಒಂದು ಕೆ.ಜಿ. ಇಳಿದರೆ ಸಿಗುವುದೆಷ್ಟು ಎಂದೂ ತಿಳಿದಿರಲಿ. ಸವಾರ, ಸೈಕಲ್ ಸೇರಿ 80 ಕೆ.ಜಿ., ಕಾಲಿನ ಶಕ್ತಿ 150 ವಾಟ್, 400 ಮೀಟರ್ ಎತ್ತರದ ಏರು. ಗಾಳಿ, ಟಯರಿನ ಎಳೆತ ಬಿಟ್ಟು ಲೆಕ್ಕ ಹಾಕಿದರೆ ಹತ್ತಲು 35 ನಿಮಿಷ ಬೇಕು. ಒಂದು ಕೆ.ಜಿ. ಕಡಿಮೆಯಾದರೆ ಉಳಿಯುವುದು 26 ಸೆಕೆಂಡು. ಒಳ್ಳೆಯ ಟಯರ್ ಮತ್ತು ಸರಿಯಾದ ಗೇರಿಗೆ ಮೊದಲ ದುಡ್ಡು ಹೋಗಲಿ ಎನ್ನುವುದು ಇದೇ ಕಾರಣಕ್ಕೆ.

ಪ್ರಶ್ನೆ: ನನ್ನ ಹಳೆಯ ರೋಡ್ ಬೈಕ್ 8 ಸ್ಪೀಡ್. ಮುಂದೆ 52/39, ಹಿಂದೆ 12-25. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ಮಂಡಿ ನೋಯುತ್ತದೆ. ಸೈಕಲ್ ಹಗುರ ಮಾಡಿದರೆ ಸರಿಹೋಗುತ್ತದೆಯೇ? — ಓದುಗರು, ನಾಪೋಕ್ಲು

ತೂಕದ್ದಲ್ಲ, ಗೇರಿನ ತಪ್ಪು. ಮುಂದಿನ ಚಿಕ್ಕ ರಿಂಗಿನ 39 ಹಲ್ಲಿಗೆ ಹಿಂದಿನ ದೊಡ್ಡ ಹಲ್ಲುಚಕ್ರದ 25 ಹಲ್ಲು ಎಂದರೆ ಒಂದು ಪೆಡಲ್ ಸುತ್ತಿಗೆ ಚಕ್ರ 1.56 ಸುತ್ತು ತಿರುಗುತ್ತದೆ. ಕಡಿದಾದ ಜಾಗದಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋಗುವಾಗ ನಿಮ್ಮ ಕಾಲುಗಳು ನಿಮಿಷಕ್ಕೆ 41 ಸುತ್ತು ಮಾತ್ರ ತುಳಿಯುತ್ತಿರುತ್ತವೆ, ಪ್ರತಿ ತುಳಿತದಲ್ಲೂ ಮಂಡಿಯ ಮೇಲೆ ಭಾರ ಬೀಳುತ್ತದೆ. 34ಕ್ಕೆ 28 ಇದ್ದರೆ ಅದೇ ವೇಗಕ್ಕೆ 52 ಸುತ್ತು. 34ಕ್ಕೆ 34 ಇದ್ದರೆ 63. ನಮ್ಮ ಕಡೆಯ ಏರಿಗೆ ಈ ಕೊನೆಯದೇ ಸರಿ. ‘ಅದು ಅಜ್ಜಂದಿರ ಗೇರು’ ಎನ್ನುವವರ ಮಾತು ಕೇಳಬೇಡಿ.

ಬದಲಾಯಿಸುವಾಗ ಎಡವುವ ಜಾಗಗಳಿವೆ. ನಿಮ್ಮ ಕ್ರ್ಯಾಂಕಿನ ಐದು ಬೋಲ್ಟುಗಳ ವೃತ್ತ 130 ಮಿ.ಮೀ. ಇದ್ದರೆ ಅದಕ್ಕೆ 38 ಹಲ್ಲಿಗಿಂತ ಚಿಕ್ಕ ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಕೂರುವುದಿಲ್ಲ. ರಿಂಗ್ ಮಾತ್ರ ಕೊಂಡು ತಂದು ಪೇಚಾಡಬೇಡಿ, 50/34ರ ಕಾಂಪ್ಯಾಕ್ಟ್ ಕ್ರ್ಯಾಂಕನ್ನೇ ಹುಡುಕಿ. ಹಿಂದೆ 11-34 ಕ್ಯಾಸೆಟ್ ಹಾಕಿದರೆ ಹಳೆಯ ಗಿಡ್ಡ ಕೇಜಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ; ಕೇಜ್ ಎಂದರೆ ಅದರ ಪುಟ್ಟ ಗಾಲಿಗಳಿರುವ ತೋಳು) ಎಟುಕುವುದಿಲ್ಲ. ಶಿಮಾನೋ 8 ಸ್ಪೀಡ್ ಶಿಫ್ಟರ್ ನಿಮ್ಮದಾದರೆ ಅದೇ ಕಂಪನಿಯ ರೋಡ್ ಬೈಕ್ ಮಾದರಿಯಾದ ಹೊಸ ಕ್ಲಾರಿಸ್‌ನ ಉದ್ದ ಕೇಜಿನದೇ ಆಗಬೇಕೆಂದಿಲ್ಲ. ಆಲ್ಟಸ್, ಅಸೆರಾದಂಥ ಮೌಂಟನ್ ಬೈಕಿನ ಅಗ್ಗದ 8 ಸ್ಪೀಡ್ ಡಿರೇಲರ್ ಕೂಡ ಅದೇ ಶಿಫ್ಟರಿಗೆ ಸರಿಯಾಗಿ ಎಳೆಯುತ್ತದೆ. 10 ಸ್ಪೀಡಿನಲ್ಲಿ ಹೀಗೆ ಬೆರೆಸಲು ಹೋಗಬೇಡಿ. ಶಿಮಾನೋದ 10 ಸ್ಪೀಡ್ ಟಿಯಾಗ್ರಾ 4700ರ ಕೇಬಲ್ ಎಳೆತವೇ ಬೇರೆ, ಹಳೆಯ 10 ಸ್ಪೀಡ್ ಭಾಗದ ಜೊತೆ ಅದು ಹೊಂದುವುದಿಲ್ಲ.

ಹೊಸ ಚೈನಿನ ಉದ್ದ ಹೀಗೆ ಅಳೆಯಿರಿ: ಡಿರೇಲರ್ ಒಳಗೆ ತೂರಿಸದೆ, ಮುಂದಿನ ದೊಡ್ಡ ರಿಂಗ್ ಮತ್ತು ಹಿಂದಿನ ದೊಡ್ಡ ಹಲ್ಲಿನ ಸುತ್ತ ಸುತ್ತಿ, ಕೂಡುವ ಜಾಗದಿಂದ ಒಂದು ಒಳಕೊಂಡಿ, ಒಂದು ಹೊರಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ. ಗಿಡ್ಡವಾದರೆ ಮರೆತು ದೊಡ್ಡದಕ್ಕೆ ದೊಡ್ಡ ಗೇರ್ ಹಾಕಿದ ಕ್ಷಣ ಡಿರೇಲರ್ ಕಿತ್ತುಬರುತ್ತದೆ, ಕೆಲವೊಮ್ಮೆ ಅದು ತೂಗುವ ಫ್ರೇಮಿನ ಹ್ಯಾಂಗರ್ ಸಮೇತ. ಹಿಂದಿನ ಡಿರೇಲರಿನ ಬಿ-ಸ್ಕ್ರೂ ತಿರುಗಿಸಿ ಮೇಲಿನ ಪುಟ್ಟ ಗಾಲಿಗೂ ದೊಡ್ಡ ಹಲ್ಲಿಗೂ 5-6 ಮಿ.ಮೀ. ಸಂದು ಇಡಿ. 52 ಹೋಗಿ 50 ಬಂದದ್ದರಿಂದ ಮುಂದಿನ ಡಿರೇಲರನ್ನೂ ಕೆಳಗಿಳಿಸಬೇಕು. ಅದರ ಹೊರತಗಡು ದೊಡ್ಡ ರಿಂಗಿನ ಹಲ್ಲಿಗಿಂತ 1ರಿಂದ 3 ಮಿ.ಮೀ. ಮೇಲಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಿನಲ್ಲಿರಬಹುದು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲ್ ತೀರ ಕೆಳಗಿದ್ದಾಗ ಕಾಲು ನೆಟ್ಟಗಾಗುವಷ್ಟು ಎತ್ತರ ಮಾಡಿ ನೋಡಿ.

ಪ್ರಶ್ನೆ: ತೂಕ ಇಳಿಸಲು 35 ಗ್ರಾಂನ ಟಿಪಿಯು ಟ್ಯೂಬ್ ಹಾಕಿದ್ದೇನೆ. ರಿಮ್ ಬ್ರೇಕ್ ಸೈಕಲ್. ಸಂಪಾಜೆ ಘಾಟಿ ಇಳಿಯಲು ತೊಂದರೆ ಇಲ್ಲವಷ್ಟೇ? — ಓದುಗರು, ಮದೆನಾಡು

ಪೆಟ್ಟಿಗೆ ಮೇಲೆ ಏನು ಬರೆದಿದೆ ಓದಿ. ಅತಿ ಹಗುರದ ಟಿಪಿಯು ಟ್ಯೂಬುಗಳಲ್ಲಿ ಹಲವು ಡಿಸ್ಕ್ ಬ್ರೇಕಿಗೆ ಮಾತ್ರ ಎಂದೇ ಇರುತ್ತವೆ. ರಿಮ್ ಬ್ರೇಕಿನಲ್ಲಿ ಇಳಿಜಾರಿನ ಬಿಸಿಯೆಲ್ಲ ರಿಮ್ಮಿಗೇ ಏರುತ್ತದೆ, ಟಿಪಿಯು ಒಂದು ಬಗೆಯ ಪ್ಲಾಸ್ಟಿಕ್, ಬಿಸಿಗೆ ಮೆತ್ತಗಾಗುತ್ತದೆ. ತಿರುವಿನಲ್ಲಿ ಮುಂದಿನ ಚಕ್ರದ ಗಾಳಿ ಹೋದರೆ ಉಳಿಸಿದ 40 ಗ್ರಾಂ ಯಾವ ಲೆಕ್ಕಕ್ಕೂ ಇಲ್ಲ. 75 ಗ್ರಾಂನ ತೆಳು ರಬ್ಬರ್ ಟ್ಯೂಬ್ ಹಾಕಿ. ಟಿಪಿಯುಗೆ ಮಾಮೂಲಿ ಸೊಲ್ಯೂಷನ್, ಪ್ಯಾಚ್ ಹಿಡಿಯುವುದೂ ಇಲ್ಲ, ಅದರದೇ ಪ್ಯಾಚ್ ಬೇಕು. ಕಾರ್ಬನ್ ರಿಮ್ಮಿಗೆ ರಿಮ್ ಬ್ರೇಕ್ ಹಾಕಿ ಈ ಘಾಟಿ ಇಳಿಯುವ ಯೋಚನೆಯಂತೂ ಬೇಡವೇ ಬೇಡ.

ಇಳಿಯುವಾಗ ಲಿವರ್ ಒತ್ತಿಯೇ ಹಿಡಿದಿರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಮತ್ತೆ ಪೂರ್ತಿ ಬಿಡಿ. ಗಾಳಿ ತಾಗಿ ರಿಮ್ ತಣ್ಣಗಾಗುತ್ತದೆ. ಮಳೆಯಲ್ಲಿ ಮೊದಲ ಒಂದೆರಡು ಸುತ್ತು ರಬ್ಬರ್ ನೀರು ಒರೆಸುವುದರಲ್ಲೇ ಕಳೆಯುತ್ತದೆ, ಆದ್ದರಿಂದ ಮೊದಲೇ ಮೆಲ್ಲಗೆ ತಾಗಿಸಿ. ಬ್ರೇಕ್ ರಬ್ಬರಿನ ಮುಂತುದಿ ಹಿಂತುದಿಗಿಂತ ಅರ್ಧದಿಂದ ಒಂದು ಮಿ.ಮೀ. ಮುಂಚೆ ರಿಮ್ಮಿಗೆ ತಾಗುವಂತೆ ಓರೆ ಮಾಡಿದರೆ ಕಿರುಚಾಟ ನಿಲ್ಲುತ್ತದೆ. ರಬ್ಬರಿಗೆ ಚುಚ್ಚಿಕೊಂಡ ಮರಳು, ಅಲ್ಯೂಮಿನಿಯಂ ಚೂರುಗಳನ್ನು ಪಿನ್ನಿನಿಂದ ಕೀಳುತ್ತಿರಿ. ಇಲ್ಲವಾದರೆ ಒಂದೇ ಮಳೆಗಾಲಕ್ಕೆ ರಿಮ್ಮು ಗೀರು ಬಿದ್ದು ಸವೆಯುತ್ತದೆ.

ಫ್ರೇಮಿನಲ್ಲಿ ಜಾಗವಿದ್ದರೆ 28 ಮಿ.ಮೀ. ಟಯರ್ ಒಳ್ಳೆಯದು. 70 ಕೆ.ಜಿ. ಸವಾರನಿಗೆ ಒದ್ದೆ ರಸ್ತೆಯಲ್ಲಿ ಮುಂದೆ 60-65, ಹಿಂದೆ 65-70 ಪಿಎಸ್‌ಐ ಸಾಕು. ಟಯರಿನ ಸುತ್ತ ಕನಿಷ್ಠ 4 ಮಿ.ಮೀ. ಸಂದು ಇಲ್ಲದಿದ್ದರೆ ತೋಟದ ರಸ್ತೆಯ ಕೆಂಪು ಮಣ್ಣು ಮೆತ್ತಿ ಚಕ್ರ ನಿಲ್ಲುತ್ತದೆ.

ಪ್ರಶ್ನೆ: 12 ಗೇರಿನ ಹಳೆಯ ಉಕ್ಕಿನ ಫ್ರೇಮ್ ಸಿಕ್ಕಿದೆ. ಹೊಸ ಹಿಂದಿನ ಚಕ್ರ ಒಳಗೆ ಹೋಗುತ್ತಿಲ್ಲ. ಏನು ಮಾಡುವುದು? — ಓದುಗರು, ಗೋಣಿಕೊಪ್ಪಲು

ಆ ಕಾಲದ ಫ್ರೇಮಿನಲ್ಲಿ ಹಿಂದಿನ ಸಂದು 126 ಮಿ.ಮೀ., ಈಗಿನ ರಿಮ್ ಬ್ರೇಕ್ ಹಬ್ 130. ಉಕ್ಕಾದ್ದರಿಂದ ಎರಡೂ ಕಡೆ 2 ಮಿ.ಮೀ. ಹಿಗ್ಗಿಸಬಹುದು. ಆಮೇಲೆ ಡ್ರಾಪ್‌ಔಟ್ ಎರಡೂ ಸಮಾನಾಂತರವಾಗಿವೆಯೇ, ಹ್ಯಾಂಗರ್ ನೆಟ್ಟಗಿದೆಯೇ ಎಂದು ಅಳೆಸಲೇಬೇಕು. ಅಲ್ಯೂಮಿನಿಯಂ ಫ್ರೇಮಿಗೆ ಈ ಕೆಲಸ ಮಾಡಬೇಡಿ, ಬಿರುಕು ಬಿಡುತ್ತದೆ. ಹಳೆಯ ಚಕ್ರ 27 ಇಂಚಿನದಾಗಿದ್ದರೆ ಈಗಿನ 700ಸಿ ಅಳತೆಯ ರಿಮ್ 4 ಮಿ.ಮೀ. ಕೆಳಗೆ ಕೂರುತ್ತದೆ, ಬ್ರೇಕಿನ ತೋಳು ಅಷ್ಟು ಇಳಿಯುತ್ತದೆಯೇ ನೋಡಿ. ಬಾಟಮ್ ಬ್ರಾಕೆಟ್ ಬಿಚ್ಚುವಾಗ ಬಲಗಡೆಯ ಕಪ್ (ಬೇರಿಂಗ್ ಹಿಡಿದಿಡುವ ಬಟ್ಟಲು) ಸಾಮಾನ್ಯವಾಗಿ ಎಡ ಮರೆಯದು, ಅಂದರೆ ಅದರ ತಿರುಪಿನ ಎಳೆ ಉಲ್ಟಾ: ಬಿಚ್ಚಲು ಗಡಿಯಾರದ ದಿಕ್ಕಿಗೆ, ಬಿಗಿಯಲು ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಇದು ತಿಳಿಯದೆ ಉದ್ದ ಪೈಪ್ ಹಾಕಿ ಬಿಗಿದು ಮರೆ ಕೆಡಿಸಿದ ಫ್ರೇಮುಗಳು ಬೇಕಾದಷ್ಟಿವೆ. ಇಟಾಲಿಯನ್ ಫ್ರೇಮಾದರೆ ಎರಡೂ ಕಡೆ ಬಲ ಮರೆಯೇ, ಬಾಟಮ್ ಬ್ರಾಕೆಟ್ ಕೂರುವ ಶೆಲ್ಲಿನ ಅಗಲ 68ರ ಬದಲು 70 ಮಿ.ಮೀ. ಇರುತ್ತದೆ.

ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಸೀಟ್ ಪೋಸ್ಟ್ ಕಚ್ಚಿಕೊಂಡಿದೆ. ಮೇಲೂ ಬರದು, ಕೆಳಗೂ ಇಳಿಯದು. — ಓದುಗರು, ಸೋಮವಾರಪೇಟೆ

ಉಕ್ಕಿನ ಫ್ರೇಮ್, ಅಲ್ಯೂಮಿನಿಯಂ ಪೋಸ್ಟ್, ನಡುವೆ ನೀರು. ಎರಡು ಬೇರೆ ಲೋಹಗಳ ನಡುವೆ ತೇವ ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬಿ ಬಿಗಿಯುತ್ತದೆ. ಕ್ಲಾಂಪ್ ತೆಗೆದು ತುಕ್ಕು ಬಿಡಿಸುವ ಎಣ್ಣೆಯನ್ನು ಸಂದಿಗೆ ಹಾಕಿ, ಒಂದು ರಾತ್ರಿ ಬಿಟ್ಟು ಮತ್ತೆ ಹಾಕಿ. ಹಳೆಯ ಸೀಟೊಂದನ್ನು ಪೋಸ್ಟಿಗೆ ಬಿಗಿದು, ಅದನ್ನೇ ಹಿಡಿದು ಎಡಕ್ಕೆ ಬಲಕ್ಕೆ ತಿರುಚುತ್ತ ಮೇಲಕ್ಕೆಳೆಯಿರಿ. ಸುತ್ತಿಗೆ ಬೇಡ. ಬಂದ ಮೇಲೆ ಒಳಗೆಲ್ಲ ಒರೆಸಿ ಗ್ರೀಸ್ ಹಚ್ಚಿ ಕೂರಿಸಿ, 5ರಿಂದ 7 ನ್ಯೂಟನ್ ಮೀಟರ್ ಬಿಗಿ ಸಾಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಪೋಸ್ಟ್ ಹೊರತೆಗೆದು ಸೈಕಲ್ ತಲೆಕೆಳಗು ಮಾಡಿ, ಒಳಗೆ ನಿಂತ ನೀರು ಸುರಿದುಹೋಗಲಿ. ಕಾರ್ಬನ್ ಪೋಸ್ಟಿಗೆ ಮಾತ್ರ ಗ್ರೀಸ್ ಹಚ್ಚಬೇಡಿ, ಅದಕ್ಕೆ ಕಾರ್ಬನ್ ಪೇಸ್ಟ್.

ಪ್ರಶ್ನೆ: ತೂಕ ಇಳಿಸಲು ಕ್ರ್ಯಾಂಕ್ ಮತ್ತು ಬ್ರೇಕ್ ಲಿವರಿಗೆ ತೂತು ಕೊರೆಸಬಹುದೇ? — ಓದುಗರು, ಕುಶಾಲನಗರ

ಕೊರೆಸಬೇಡಿ. ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ, ಮತ್ತು ಅದು ಮುರಿಯುವುದು ನೀವು ಎದ್ದು ನಿಂತು ತುಳಿಯುವಾಗಲೇ. ಅಷ್ಟು ಗ್ರಾಂ ಬೇಕೆಂದರೆ ಎರಡನೆಯ ನೀರಿನ ಬಾಟಲಿಯನ್ನು ಮನೆಯಿಂದಲೇ ತುಂಬಿ ಹೊರದೆ, ಮಡಿಕೇರಿ ದಾರಿಯ ಸುಂಟಿಕೊಪ್ಪದಲ್ಲಿ ತುಂಬಿಸಿಕೊಳ್ಳಿ.