ಮಕ್ಕಳ ಮುಂದೆ ಓದಲು ಹೆದರಿದ ಇಂಟರ್ನ್

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಪ್ತ ಸಮಾಲೋಚನೆಗೆಂದು ನನ್ನನ್ನು ಸಂಪರ್ಕಿಸಿದ ಆಕೆಗೆ 23 ವರ್ಷ. ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿನಿ. ಆರು ತಿಂಗಳ ಇಂಟರ್ನ್‌ಶಿಪ್‌ಗಾಗಿ ಹೊರದೇಶದ ಪ್ರಾಥಮಿಕ ಶಾಲೆಯೊಂದರ ಲೈಬ್ರರಿ ಸೇರಿದ್ದಳು. ಒಂಬತ್ತನೇ ವಾರ ವಿಡಿಯೊ ಕರೆಯಲ್ಲಿ ಆಕೆ ಆಡಿದ ಮೊದಲ ಮಾತೇ, "ಮೇಡಂ, ವಾಪಸ್ ಬಂದುಬಿಡ್ಲಾ?"

ಕೆಲಸ ಏನೇನು ಎಂದು ಕೇಳಿದೆ. ಮಕ್ಕಳು ಹಿಂತಿರುಗಿಸಿದ ಪುಸ್ತಕ ಸ್ಕ್ಯಾನ್ ಮಾಡುವುದು, ಟ್ರಾಲಿಗೆ ಹಾಕುವುದು, ಲೇಬಲ್ ನೋಡಿ ಕಪಾಟಿಗೆ ಸೇರಿಸುವುದು, ಹರಿದ ಪುಟ ಅಂಟಿಸುವುದು. ವಿಷಯಕ್ಕೆ ತಕ್ಕಂತೆ ಪುಸ್ತಕಗಳಿಗೆ ಕೊಡುವ ಡ್ಯೂಯಿ ನಂಬರ್‌ಗಳ ಮಾತು ಬಂದಾಗ ಮುಖ ಅರಳಿತು. "ಜಾನಪದ ಕಥೆ 398.2, ಆಟೋಟ 796. ಕಾಲೇಜಲ್ಲಿ ಕಲಿತದ್ದೇ ಇಲ್ಲೂ ಇದೆ ಮೇಡಂ." ಕಪಾಟುಗಳ ನಡುವೆ ಆಕೆಗೆ ಪರದೇಶ ಅನ್ನಿಸುತ್ತಲೇ ಇರಲಿಲ್ಲ. ಹಾಗಾದರೆ ನೋವು ಎಲ್ಲಿ? ಅಂದು ನನಗೆ ಗೊತ್ತಾಗಲಿಲ್ಲ. "ಸ್ವಲ್ಪ ಸಮಯ ಕೊಡಿ, ಹೊಂದಿಕೊಳ್ಳುತ್ತೀರಿ" ಎಂದು ಕಳಿಸಿದೆ. ಅದು ತಪ್ಪು ಸಲಹೆ.

ಎರಡನೇ ಭೇಟಿಯಲ್ಲಿ ವಿಷಯ ಹೊರಬಂತು. ನಾಲ್ಕನೇ ವಾರ ಏಳು ವರ್ಷದ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳುತ್ತಿದ್ದಳು. ಒಂದು ಪದದ ಉಚ್ಚಾರ ಬೇರೆಯಾಯಿತು. ಒಬ್ಬ ಹುಡುಗ ತಿದ್ದಿದ, ಉಳಿದವರು ನಕ್ಕರು. ಲೈಬ್ರೇರಿಯನ್ ಬಂದು ಮುಂದಿನ ಪುಟಗಳನ್ನು ತಾವೇ ಓದಿದರು. ಸಹಾಯಕ್ಕೆಂದೇ ಬಂದಿರಬೇಕು. ಈಕೆಗೆ ಮಾತ್ರ ಕೈಯಿಂದ ಪುಸ್ತಕ ಕಿತ್ತುಕೊಂಡ ಹಾಗಾಯಿತು. ಅಂದಿನಿಂದ ಕಥೆಯ ಹೊತ್ತಿಗೆ ಸರಿಯಾಗಿ ಟ್ರಾಲಿ ತಳ್ಳಿಕೊಂಡು ಹಿಂದಿನ ಸಾಲಿಗೆ ಹೋಗಿಬಿಡುತ್ತಿದ್ದಳು. ಹಾಗೆ ಹೋದಾಗಲೆಲ್ಲ ಮನಸ್ಸು ಹಗುರ, ಮುಂದಿನ ವಾರ ಹೆದರಿಕೆ ಇನ್ನೂ ಜಾಸ್ತಿ. ಸಮಯ ಕೊಟ್ಟಷ್ಟೂ ಅದು ಬೆಳೆಯುತ್ತಿತ್ತು, ಅಲ್ವಾ?

ಲೈಬ್ರೇರಿಯನ್ ದಿನವೂ "ಎಲ್ಲ ಸರಿ ಇದೆಯಾ?" ಎಂದು ಕೇಳುತ್ತಿದ್ದರಂತೆ. ಅದು ಬರೀ ನಮಸ್ಕಾರವೋ, ನಿಜವಾದ ಪ್ರಶ್ನೆಯೋ ಈಕೆಗೆ ತಿಳಿಯದು. ಹೂಂ ಎಂದು ನಕ್ಕು ಹೋಗುತ್ತಿದ್ದಳು. ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1960ರಲ್ಲಿ 'ಕಲ್ಚರ್ ಶಾಕ್', ಅಂದರೆ ಪರಕೀಯ ಸಂಸ್ಕೃತಿಯ ನಡುವೆ ಆಗುವ ಗಲಿಬಿಲಿಯ ಬಗ್ಗೆ ಬರೆದಾಗ ಇದನ್ನೇ ಹೇಳಿದ್ದರು. ಯಾವಾಗ ಕೈಕುಲುಕಬೇಕು, ಯಾವ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬಂಥ ಸಣ್ಣ ಗುರುತುಗಳು ಕೈತಪ್ಪಿದಾಗ ಆತಂಕ ಹುಟ್ಟುತ್ತದೆ.

ನಿದ್ದೆ, ಊಟ, ಬದುಕುವ ಆಸೆ, ಎಲ್ಲವನ್ನೂ ವಿಚಾರಿಸಿದೆ. ಎರಡು ವಾರಕ್ಕೂ ಹೆಚ್ಚು ದಿನ, ಹೆಚ್ಚುಕಡಿಮೆ ಇಡೀ ದಿನ ಮನಸ್ಸು ಕುಸಿದೇ ಇದ್ದರೆ ವೈದ್ಯರನ್ನು ಕಾಣಲೇಬೇಕು. ಆಕೆಯ ಸ್ಥಿತಿ ಹಾಗಿರಲಿಲ್ಲ. ಮನೆಯವರ ಜೊತೆ ಮಾತಾಡಲು ಅಲ್ಲಿನ ರಾತ್ರಿ ಎರಡರವರೆಗೆ ಎದ್ದಿರುತ್ತಿದ್ದಳು. ಆ ಕರೆಯನ್ನು ವಾರದ ರಜೆಗೆ ಇಟ್ಟುಕೊಳ್ಳಲು ಹೇಳಿದೆ.

ಮುಖ್ಯ ಸಲಹೆ ಒಂದೇ: ಲೈಬ್ರೇರಿಯನ್ ಬಳಿ ಹದಿನೈದು ನಿಮಿಷ ಕೇಳಿ ಕೂತು ಮಾತಾಡಿ. "ದೊಡ್ಡವರ ಮೇಲೆ ದೂರು ಹೇಳಿದ ಹಾಗಾಗಲ್ವಾ? ವರದಿ ಬರೆಯೋರು ಅವರೇ" ಎಂದಳು. ಆ ಭಯ ಸುಮ್ನೆ ಬಂದದ್ದಲ್ಲ. ಹಾಗಾಗಿ ಆಡಬೇಕಾದ ಮಾತನ್ನು ಇಬ್ಬರೂ ಸೇರಿ ಬರೆದೆವು. "ಆ ದಿನದಿಂದ ನನಗೆ ಓದಲು ಹೆದರಿಕೆ. ಆದರೂ ಕಲಿಯಬೇಕು. ಚಿಕ್ಕ ಗುಂಪಿನಿಂದ ಶುರು ಮಾಡಲೇ?" ಇದರಲ್ಲಿ ದೂರು ಎಲ್ಲಿದೆ?

ಮಕ್ಕಳ ಬಗ್ಗೆಯೂ ಮಾತಾಡಿದೆವು. ಏಳು ವರ್ಷದ ಮಗು ಈಗಷ್ಟೇ ಓದಲು ಕಲಿತಿರುತ್ತದೆ. ಗೊತ್ತಿರುವ ಪದ ತಪ್ಪಾಗಿ ಕೇಳಿಸಿದರೆ ಟೀಚರನ್ನೂ ತಿದ್ದುತ್ತದೆ, ಅಪ್ಪನನ್ನೂ ತಿದ್ದುತ್ತದೆ. "ಇನ್ನೊಮ್ಮೆ ಹೇಳು" ಎಂದು ಆ ಮಗುವನ್ನೇ ಕೇಳಿ, ಹೇಳಿಸಿಕೊಂಡು ಮುಂದೆ ಓದಿ ಎಂದೆ. ಹಿಂದಿನ ರಾತ್ರಿ ಪುಸ್ತಕವನ್ನು ಎರಡು ಸಲ ಜೋರಾಗಿ ಓದಿಕೊಳ್ಳಲು ಹೇಳಿದೆ. ಒಂದು ಎಚ್ಚರಿಕೆಯನ್ನೂ ಕೊಟ್ಟೆ: ಅಭ್ಯಾಸಕ್ಕೆಂದು ಯಾವ ಮಗುವನ್ನೂ ಬಾಗಿಲು ಮುಚ್ಚಿದ ಕೋಣೆಗೆ ಒಂಟಿಯಾಗಿ ಕರೆದೊಯ್ಯಬೇಡಿ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲೇ ಕೂರಿ.

ಆಕೆ ಕೇಳಲು ಎಂಟು ದಿನ ತೆಗೆದುಕೊಂಡಳು. ಲೈಬ್ರೇರಿಯನ್ ಹೇಳಿದ್ದಿಷ್ಟು: "ನಿಮಗೆ ಕಪಾಟಿನ ಕೆಲಸವೇ ಇಷ್ಟ ಅಂದುಕೊಂಡಿದ್ದೆ." ಐದಾರು ವಾರ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಈಗ ವಾರಕ್ಕೊಂದು ದಿನ ನಾಲ್ಕು ಮಕ್ಕಳಿಗೆ ಓದುತ್ತಾಳೆ. ಮೊದಲು ಆರಿಸಿಕೊಂಡದ್ದು 398.2ರ ಸಾಲಿನ ಒಂದು ಪುಸ್ತಕ. ಓದುವ ಹಿಂದಿನ ರಾತ್ರಿ ಇನ್ನೂ ಸರಿಯಾಗಿ ನಿದ್ದೆ ಬರುವುದಿಲ್ಲವಂತೆ. ಮೂರು ವಾರ ಬಿಟ್ಟು ಮತ್ತೆ ಮಾತಾಡೋಣ ಎಂದಿದ್ದೇನೆ.