ಲೆಬನಾನಿನ ರಾಜಧಾನಿ ಬೈರುತ್‌ನ ಯಾವ ಬಡಾವಣೆಯಲ್ಲಿ ಯಾವ ಧರ್ಮದವರು ಎಷ್ಟು ಪ್ರಮಾಣದಲ್ಲಿದ್ದಾರೆ?

ನಿಖರವಾದ ಶೇಕಡಾವಾರು ಲೆಕ್ಕ ಕೊಟ್ಟರೆ ದಯವಿಟ್ಟು ನಂಬಬೇಡಿ. ಲೆಬನಾನಿನಲ್ಲಿ ಕೊನೆಯ ಅಧಿಕೃತ ಜನಗಣತಿ ನಡೆದದ್ದು 1932ರಲ್ಲಿ. ಅಧಿಕಾರವನ್ನೇ ಪಂಗಡವಾರು ಹಂಚಿಕೊಂಡಿರುವ ದೇಶದಲ್ಲಿ ಮತ್ತೆ ತಲೆ ಎಣಿಸಲು ಯಾರಿಗೂ ಧೈರ್ಯವಿಲ್ಲ.

ಸ್ಥೂಲವಾಗಿ ಹೇಳುವುದಾದರೆ, ಪೂರ್ವದ ಅಶ್ರಫಿಯೆಯಲ್ಲಿ ಕ್ರೈಸ್ತರು ಹೆಚ್ಚು. ಪಶ್ಚಿಮದ ತಾರಿಕ್ ಜದೀದೆಯಲ್ಲಿ ಸುನ್ನಿಗಳು ಹೆಚ್ಚು. ಬೈರುತ್ ನದಿಯಾಚೆಯ ಬುರ್ಜ್ ಹಮ್ಮೂದ್, ಮೊದಲ ಮಹಾಯುದ್ಧದ ಕಾಲದ ಒಟ್ಟೋಮನ್ ನರಮೇಧದಿಂದ ಪಾರಾಗಿ ಬಂದ ಅರ್ಮೇನಿಯನ್ನರು ಕಟ್ಟಿದ ಊರು. ಹಮ್ರಾ ಸುತ್ತಮುತ್ತ ಇಂದಿಗೂ ಮಿಶ್ರ ಜನವಸತಿಯಿದೆ.

ಈ ಚಿತ್ರ ಅನಾದಿಯಲ್ಲ ಎಂಬುದನ್ನು ಒತ್ತಿ ಹೇಳಬೇಕು. 1975ರಿಂದ 1990ರವರೆಗಿನ ಅಂತರ್ಯುದ್ಧದಲ್ಲಿ ಡಮಾಸ್ಕಸ್ ರಸ್ತೆಯ ಗುಂಟ 'ಹಸಿರು ರೇಖೆ' ಎಂಬ ಗಡಿ ನಗರವನ್ನು ಕ್ರೈಸ್ತರು ಹೆಚ್ಚಿದ್ದ ಪೂರ್ವ, ಮುಸ್ಲಿಮರು ಹೆಚ್ಚಿದ್ದ ಪಶ್ಚಿಮ ಎಂದು ಎರಡಾಗಿ ಸೀಳಿತು. ಜೀವ ಉಳಿಸಿಕೊಳ್ಳಲು ಜನ ತಮ್ಮವರಿದ್ದ ಕಡೆಗೆ ಓಡಿದರು. ಇಂದು ಶಿಯಾ ಪ್ರದೇಶವೆಂದೇ ಹೆಸರಾದ ದಕ್ಷಿಣದ ಉಪನಗರ ದಾಹಿಯೆಯನ್ನೇ ನೋಡಿ. ಮಾರೊನೈಟ್ ಕ್ರೈಸ್ತರಾದ ಮಾಜಿ ಅಧ್ಯಕ್ಷ ಮಿಶೆಲ್ ಔನ್ ಹುಟ್ಟಿದ್ದು ಅಲ್ಲಿನ ಹಾರೆತ್ ಹ್ರೇಕ್‌ನಲ್ಲಿ! ಆಗ ಅದು ಕ್ರೈಸ್ತರೂ ಶಿಯಾಗಳೂ ಕೂಡಿ ಬಾಳುತ್ತಿದ್ದ ಹಳ್ಳಿ.

ಹಲವರು ಮತದಾರರ ಪಟ್ಟಿಯನ್ನು ಆಧಾರವಾಗಿ ತೋರಿಸುತ್ತಾರೆ. ಅದರಲ್ಲಿ ಪಂಗಡದ ನಮೂದು ಇರುವುದು ನಿಜ. ಆದರೆ ಅಲ್ಲಿ ಹೆಸರು ದಾಖಲಾಗುವುದು ವಾಸದ ಮನೆಯ ಮೇಲಲ್ಲ, ಪೂರ್ವಿಕರ ಊರಿನ ಮೇಲೆ. ದಾಹಿಯೆಯಲ್ಲೇ ಹುಟ್ಟಿ ಬೆಳೆದ ಅನೇಕರು ಮತ ಹಾಕಲು ದಕ್ಷಿಣ ಲೆಬನಾನಿನ ತಮ್ಮ ಪೂರ್ವಿಕರ ಹಳ್ಳಿಗೆ ಹೋಗುತ್ತಾರೆ; ಮದುವೆಯಾದ ಹೆಣ್ಣಿನ ಹೆಸರು ಗಂಡನ ಊರಿಗೆ ವರ್ಗವಾಗುತ್ತದೆ. ಪೌರತ್ವವಿಲ್ಲದ ಪ್ಯಾಲೆಸ್ತೀನಿ, ಸಿರಿಯಾ ನಿರಾಶ್ರಿತರಂತೂ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.